ಇಪ್ಪತ್ತನಾಲ್ಕು ಮೊಲಗಳು

ಶಾಲೆಯ ಮೂರನೇ ಮಹಡಿಯ ಕೊನೆಯ ಕೋಣೆಗೆ ಹದಿನಾಲ್ಕು ತಿಂಗಳಿಂದ ಬೀಗ ಬಿದ್ದಿತ್ತು. ಒಳಗೆ ಇಪ್ಪತ್ತನಾಲ್ಕು ಹೊಸ ಕಂಪ್ಯೂಟರುಗಳು ಪ್ಲಾಸ್ಟಿಕ್ ಹೊದಿಕೆ ಹೊದ್ದು ತಣ್ಣಗೆ ಕೂತಿದ್ದವು. ಮಕ್ಕಳು ಆಟವಾಡುತ್ತ ಕಲಿಯಲಿ, ಆಟಗಳನ್ನು ತಾವೇ ಕಟ್ಟಲಿ ಎಂದು ಇಲಾಖೆಯವರು ಕಳಿಸಿಕೊಟ್ಟ ಯಂತ್ರಗಳವು. ಬಂದ ದಿನ ಬಾಗಿಲಿಗೆ ರಿಬ್ಬನ್ ಕಟ್ಟಿ ಕತ್ತರಿಸಿದರು, ಚಪ್ಪಾಳೆ ತಟ್ಟಿದರು, ಫೋಟೋ ತೆಗೆದರು. ಮಾರನೇ ದಿನ ಬೀಗ ಜಡಿದರು. ಬೀಗದ ಕೈ ಹೆಡ್‌ಮೇಡಂ ಅವರ ಕೈಚೀಲದ ಒಳಜೇಬು ಸೇರಿತು. ಈ ಹೆಡ್‌ಮೇಡಂ ಬೇರೆ ಯಾರೂ ಅಲ್ಲ, ಅದೇ ಶಾಲೆಯ ಡ್ರಾಯಿಂಗ್ ಟೀಚರಿನ ಒಡಹುಟ್ಟಿದ ಅಕ್ಕ.

ಶಾಲೆಯ ಗೇಟು ದಾಟಿದ ಮೇಲೆ ಅಕ್ಕ ಅಕ್ಕನಲ್ಲ, ಮೇಡಂ. ಈ ನಿಯಮ ಮಾಡಿದ್ದು ಅಕ್ಕನೇ. ತಂಗಿ ಆರು ವರ್ಷದಿಂದ ಅದನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದಳು. ಬೆಳಿಗ್ಗೆ ಒಂದೇ ಮನೆಯಲ್ಲಿ ಬಚ್ಚಲಿಗಾಗಿ ಜಗಳವಾಡಿ, ಒಂದೇ ಬಸ್ಸಿನಲ್ಲಿ ಬಂದು, ಗೇಟಿನ ಒಳಗೆ ಕಾಲಿಟ್ಟೊಡನೆ "ನಮಸ್ಕಾರ ಮೇಡಂ" ಎನ್ನುವಾಗ ಅವಳಿಗೆ ಒಮ್ಮೊಮ್ಮೆ ನಗು ಬರುತ್ತಿತ್ತು. ಆ ಕೋಣೆಗೆ ಬೀಗ ಬಿದ್ದ ಮೇಲೆ ನಗು ಬರುವುದು ನಿಂತಿತು.

ಅಕ್ಕ ಕೆಟ್ಟವಳೇನಲ್ಲ. ಇದನ್ನು ಹೇಳದೆ ಮುಂದೆ ಹೋದರೆ ಅನ್ಯಾಯವಾದೀತು. ಅವಳಿಗೆ ಹೆದರಿಕೆ, ಅಷ್ಟೇ. ಅವಳು ಹೊಸದಾಗಿ ಹೆಡ್‌ಮೇಡಂ ಆದ ವರ್ಷ ಐದನೇ ತರಗತಿಯವರು ಭೂಗೋಳವನ್ನು ತಿರುಗಿಸುತ್ತ ತಿರುಗಿಸುತ್ತ ಕೆಳಗೆ ಬೀಳಿಸಿದ್ದರು. ಭೂಮಿ ನಟ್ಟನಡುವೆ ಬಿರುಕು ಬಿಟ್ಟಿತು. ಅದು ಹೇಗೆ ಬಿತ್ತು, ಯಾಕೆ ಬಿತ್ತು, ಬೀಳುವಾಗ ಹೆಡ್‌ಮೇಡಂ ಎಲ್ಲಿದ್ದರು ಎಂದು ಮೇಲಿನ ಕಚೇರಿಯಿಂದ ಪತ್ರ ಬಂತು. ಅಕ್ಕ ವಿವರಣೆ ಬರೆದಳು. ವಿವರಣೆ ಸಾಲದು ಎಂದು ಇನ್ನೊಂದು ಪತ್ರ ಬಂತು. ಹೀಗೆ ಹನ್ನೊಂದು ತಿಂಗಳು ಒಂದು ಪ್ಲಾಸ್ಟಿಕ್ ಗೋಳದ ಬಗ್ಗೆ ಬರೆದೂ ಬರೆದೂ ಅವಳ ಅರ್ಧ ಜೀವ ಹೋಯಿತು. ಅಂದಿನಿಂದ ಅವಳ ಲೆಕ್ಕದಲ್ಲಿ ಮಕ್ಕಳ ಕೈಗೆ ಸಿಗದ ವಸ್ತುವೇ ಸುರಕ್ಷಿತ ವಸ್ತು. ಪ್ರಯೋಗಾಲಯದ ಗಾಜಿನ ನಳಿಗೆಗಳು ಬೀರುವಿನಲ್ಲಿ, ಹೊಸ ಚೆಂಡುಗಳು ಪೆಟ್ಟಿಗೆಯಲ್ಲಿ, ಕಂಪ್ಯೂಟರುಗಳು ಬೀಗದೊಳಗೆ.

"ಬಳಸಿದ್ರೆ ತಾನೆ ಹಾಳಾಗೋದು?" ಎನ್ನುತ್ತಿದ್ದಳು ಅಕ್ಕ.

"ಬಳಸದೆ ಇದ್ರೆ ಮಕ್ಕಳು ಹಾಳಾಗ್ತಾರೆ ಮೇಡಂ," ಎನ್ನುತ್ತಿದ್ದಳು ತಂಗಿ.

"ಮಕ್ಕಳು ಹಾಳಾದ್ರೆ ಯಾರೂ ವಿವರಣೆ ಕೇಳಲ್ಲ ಕಣೇ," ಎಂದಿದ್ದಳು ಅಕ್ಕ ಒಮ್ಮೆ, ತಾನು ಮೇಡಂ ಎನ್ನುವುದನ್ನು ಮರೆತು. ಆ ಮಾತು ಕೇಳಿ ಡ್ರಾಯಿಂಗ್ ಟೀಚರಿನ ಮೈಯೆಲ್ಲ ಉರಿದುಹೋಯಿತು, ಅದು ನಿಜವೆಂಬ ಕಾರಣಕ್ಕೆ ಇನ್ನೂ ಉರಿಯಿತು.

ಡ್ರಾಯಿಂಗ್ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಕಚೇರಿಯವರು ಗುಜರಿಗೆಂದು ತೆಗೆದಿಟ್ಟದ್ದನ್ನು ಅವಳು ಕಾಡಿ ಬೇಡಿ ಇಳಿಸಿಕೊಂಡು ಬಂದಿದ್ದಳು. ಶುರುಮಾಡಿದರೆ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು. ಅದರಲ್ಲಿ ಬಣ್ಣದ ತುಂಡುಗಳನ್ನು ಎಳೆದು ಒಂದರ ಕೆಳಗೆ ಒಂದು ಜೋಡಿಸಿ ಆಟ ಕಟ್ಟುವ ಒಂದು ಬಿಟ್ಟಿ ಪ್ರೋಗ್ರಾಂ ಹಾಕಿಸಿದ್ದಳು. ಏಳನೇ ತರಗತಿಯ ಮೂವತ್ತೆರಡು ಮಕ್ಕಳು, ಒಂದು ಯಂತ್ರ. ಒಬ್ಬರಿಗೆ ಎರಡು ನಿಮಿಷ ಸಿಕ್ಕರೆ ಅದೇ ದೊಡ್ಡದು. ಉಳಿದವರು ಸುಮ್ಮನೆ ಕೂರಬೇಕೆ? ಅವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಆಟದ ನಕ್ಷೆ ಬರೆದು ತಾವೇ ಯಂತ್ರವಾದರು. ಒಬ್ಬಳು "ಬಲಕ್ಕೆ" ಎಂದು ಕೂಗಿದರೆ ಆಟಗಾರನಾದವನು ಬಲಕ್ಕೆ ಒಂದು ಹೆಜ್ಜೆ ಇಡುವನು. ಇನ್ನೊಬ್ಬಳು ಗೋಡೆ. ಮತ್ತೊಬ್ಬ ಅಂಕ ಕೂಗುವವನು. ನೆಲದ ಮೇಲೆ ಕೆಟ್ಟದ್ದನ್ನು ನೆಲದ ಮೇಲೇ ಸರಿಮಾಡಿ, ಆಮೇಲೆ ಯಂತ್ರಕ್ಕೆ ಏರಿಸುತ್ತಿದ್ದರು. ಹೊಸ ಕಂಪ್ಯೂಟರ್ ಮುಂದೆ ಕೂತವರೂ ಇಷ್ಟು ಕಲಿಯಲಾರರು ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಅದು ಸಮಾಧಾನವಷ್ಟೇ ಎಂದು ಅವಳಿಗೂ ಗೊತ್ತಿತ್ತು.

ಮಕ್ಕಳು ಕಟ್ಟಿದ ಆಟದ ಹೆಸರು "ಬಾಗಿಲು". ಒಬ್ಬ ಹುಡುಗಿ ಬೀಗ ಹಾಕಿದ ಕೋಣೆಯನ್ನು ತೆರೆಸಬೇಕು. ಕಾವಲುಗಾರನನ್ನು ಕೇಳಿದರೆ ಗುಮಾಸ್ತರನ್ನು ಕೇಳು ಎನ್ನುತ್ತಾನೆ. ಗುಮಾಸ್ತರು ಅರ್ಜಿ ಎಲ್ಲಿ ಎನ್ನುತ್ತಾರೆ. ಅರ್ಜಿ ಬರೆಯಲು ಹೋದರೆ ಪೆನ್ನು ಆಯಾ ಹತ್ತಿರ ಇರುತ್ತದೆ, ಆಯಾ ಕಾವಲುಗಾರನನ್ನು ಹುಡುಕಿಕೊಂಡು ಹೋಗಿರುತ್ತಾಳೆ. ಕೊನೆಗೆ ದಪ್ಪ ಕೈಚೀಲದ ಒಬ್ಬ ಮೇಡಂ. ಅವರಿಗೆ ನೂರು ಸಲ ನಮಸ್ಕಾರ ಹೇಳಿದರೆ ಬೀಗದ ಕೈ ಸಿಗುತ್ತದೆ. ಇದನ್ನು ಮೊದಲ ಸಲ ನೋಡಿದಾಗ ಡ್ರಾಯಿಂಗ್ ಟೀಚರ್ ಬಿದ್ದು ಬಿದ್ದು ನಕ್ಕಿದ್ದಳು.

ಆಟಕ್ಕೆ ಕೊನೆ ಮಾತ್ರ ಇರಲಿಲ್ಲ. ಬಾಗಿಲು ತೆರೆದೊಡನೆ ಪರದೆ ಕಪ್ಪಾಗುತ್ತಿತ್ತು.

"ಮುಂದೇನಾಗತ್ತೆ?" ಎಂದು ಕೇಳಿದ್ದಳು ಟೀಚರ್.

"ಗೊತ್ತಿಲ್ಲ ಮಿಸ್," ಎಂದಳು ಯಾಕಮ್ಮ. ಮಾತಿಗೆ ಮುಂಚೆ "ಯಾಕೆ ಮಿಸ್?" ಎನ್ನುವ ಈ ಸಣಕಲು ಹುಡುಗಿಗೆ ಇಡೀ ಶಾಲೆ ಇಟ್ಟ ಹೆಸರು ಅದು. ಆಟದ ಅರ್ಧಕ್ಕರ್ಧ ಅವಳದೇ ಕೈಚಳಕ. "ಆ ಕೋಣೆ ಒಳಗೆ ಹೆಂಗಿದೆ ಅಂತ ನಾವ್ಯಾರೂ ನೋಡೇ ಇಲ್ವಲ್ಲ. ನೋಡಿದ್ಮೇಲೆ ಬರೀತೀವಿ."

ಹೀಗಿರುವಾಗ ಮೇಲಿನಿಂದ ಸುದ್ದಿ ಬಂತು. ಶಾಲೆಗಳಲ್ಲಿ ಆಟಗಳ ಮೂಲಕ ಕಲಿಕೆ ಹೇಗೆ ನಡೆಯುತ್ತಿದೆ ಎಂದು ನೋಡಲು ಒಬ್ಬ ದೊಡ್ಡ ಅಧಿಕಾರಿ ಮುಂದಿನ ವಾರ ಬರುತ್ತಾರೆ. ಅಕ್ಕನ ಮುಖ ಬಿಳಿಚಿಕೊಂಡಿತು. ಬೀಗ ತೆಗೆದಳು, ಹೊದಿಕೆ ಸರಿಸಿದಳು, ಮಕ್ಕಳನ್ನು ಒಳಗೆ ಬಿಡಲಿಲ್ಲ. ಬದಲಿಗೆ ಪೇಟೆಯ ಕಂಪ್ಯೂಟರ್ ಅಂಗಡಿಯವನನ್ನು ಕರೆಸಿದಳು. ಅವನು ಒಂದು ಆಟದ ವಿಡಿಯೋ ತಂದು ಇಪ್ಪತ್ತನಾಲ್ಕೂ ಯಂತ್ರಗಳಿಗೆ ತುಂಬಿದ. ಒಂದು ಮೊಲ ಓಡುತ್ತದೆ, ಹಳ್ಳ ಹಾರುತ್ತದೆ, ಲೆಕ್ಕ ಬಿಡಿಸಿ ಮನೆ ಸೇರುತ್ತದೆ. ಯಾರೋ ಎಲ್ಲೋ ಆಡಿದ್ದು, ಆರು ನಿಮಿಷದ್ದು. ಮಕ್ಕಳು ಅದರ ಮುಂದೆ ಕೂತು ತಾವೇ ಆಡುತ್ತಿರುವಂತೆ ಕೀಗಳನ್ನು ಒತ್ತಬೇಕು. ಯಾರಾದರೂ ನಿಜವಾಗಿ ಏನಾದರೂ ಒತ್ತಿ ವಿಡಿಯೋ ನಿಂತುಬಿಟ್ಟರೆ ಮಾನ ಹೋಗುತ್ತದೆಂದು ಅವನು ಹೋಗುವ ಮುಂಚೆ ಎಲ್ಲ ಕೀಬೋರ್ಡುಗಳ ವೈರ್ ಕಿತ್ತು ಮೇಜಿನ ಕೆಳಗೆ ಇಳಿಬಿಟ್ಟ.

ಮಕ್ಕಳಿಗೆ ತಾಲೀಮು ಕೊಡುವ ಕೆಲಸ ಡ್ರಾಯಿಂಗ್ ಟೀಚರಿನ ತಲೆಗೆ ಬಂತು.

ಆ ಸಂಜೆ ಮನೆಯಲ್ಲಿ ಅವಳು ಕೂಗಾಡಿದ ಕೂಗಾಟಕ್ಕೆ ಒಗೆದ ಬಟ್ಟೆ ಮಡಚುತ್ತಿದ್ದ ಅಮ್ಮ ಕಿಟಕಿ ಮುಚ್ಚಿ ಬಂದರು.

"ನಾಚಿಕೆ ಆಗಲ್ವಾ ನಿಂಗೆ? ಮಕ್ಕಳ ಕೈಲಿ ಸುಳ್ಳು ಆಡಿಸ್ತೀಯಾ? ಆಟ ಕಟ್ಟೋ ಮಕ್ಕಳು ಕಣೇ ಅವು! ನನ್ನ ಕೋಣೆಗೆ ಕರ್ಕೊಂಡ್ಬಾ ಆ ಅಧಿಕಾರೀನ, ಆ ಗುಜರಿ ಮಿಷಿನ್ನಲ್ಲೇ ತೋರಿಸ್ತೀನಿ."

"ತೋರ್ಸು. ಆಮೇಲೆ ಅವರು ಕೇಳ್ತಾರೆ, ಹೊಸಾದು ಇಪ್ಪತ್ನಾಲ್ಕು ಇಟ್ಕೊಂಡು ಗುಜರೀಲಿ ಯಾಕೆ ಆಡಿಸ್ತೀರಿ ಅಂತ. ಹದಿನಾಲ್ಕು ತಿಂಗಳು ಏನ್ ಮಾಡ್ತಿದ್ರಿ ಅಂತ. ನಾನೇನು ಬರೀಲಿ? ಮತ್ತೆ ಅದೇ ವಿವರಣೆ, ಮತ್ತೆ ಅದೇ ಪತ್ರ. ನನ್ ಕೈಲಾಗಲ್ಲ ಕಣೇ." ಅಕ್ಕ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು. "ಬಳಸಿಲ್ಲ ಅಂತ ಗೊತ್ತಾದ್ರೆ ಅಷ್ಟನ್ನೂ ಎತ್ಕೊಂಡು ಬೇರೆ ಶಾಲೆಗೆ ಕೊಡ್ತಾರೆ. ನಿನ್ನ ಮಕ್ಕಳಿಗೆ ಆಗ ಏನು ಸಿಗತ್ತೆ? ಒಂದು ದಿನ, ಬರೀ ಆರು ನಿಮಿಷ. ಅವರು ಹೋದ ಮಾರನೇ ದಿನ ಬೀಗದ ಕೈ ನಿನ್ ಕೈಯಲ್ಲಿ. ಅಮ್ಮನ ಮುಂದೆ ಹೇಳ್ತಾ ಇದ್ದೀನಿ."

"ನಾನು ಕೇಳಿಸ್ಕೊಂಡೆ," ಎಂದರು ಅಮ್ಮ, ದಿಂಬಿನ ಚೀಲ ಮಡಚುತ್ತ. "ಕೊಟ್ಟ ಮಾತಿಗೆ ತಪ್ಪಿದ್ರೆ ನನ್ನ ಹತ್ರ ಬರಬೇಡಿ ಇಬ್ರೂ."

ಹದಿನಾಲ್ಕು ತಿಂಗಳು ಬಾಗಿಲಿಗೆ ಮೂಗು ಒತ್ತಿ ನಿಂತ ಮೂವತ್ತೆರಡು ಮುಖಗಳು ತಂಗಿಯ ಕಣ್ಮುಂದೆ ಬಂದವು. ಅವಳು ಒಪ್ಪಿಕೊಂಡಳು. ಒಪ್ಪಿಕೊಂಡದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮೂವತ್ತೆರಡರಲ್ಲಿ ಇಪ್ಪತ್ತನಾಲ್ಕು ಮಕ್ಕಳನ್ನು ಆರಿಸಿದ್ದಾಯಿತು. ಐದು ದಿನ ತಾಲೀಮು. ಅವಳು ಹಿಂದಿನ ಗೋಡೆಗೆ ಒರಗಿ ನಿಂತು ಮರದ ಸ್ಕೇಲಿನಿಂದ ಮೇಜು ತಟ್ಟುವುದು, ಮಕ್ಕಳು ಅದಕ್ಕೆ ಸರಿಯಾಗಿ ಬೆರಳು ಆಡಿಸುವುದು. ಒಂದು ಏಟಿಗೆ ಎಡ. ಎರಡು ಏಟಿಗೆ ಬಲ. ಸ್ಕೇಲನ್ನು ಮೇಜಿನ ಮೇಲೆ ಉದ್ದಕ್ಕೆ ಗೀರಿದರೆ ಹಾರು. ಎರಡನೇ ಹಳ್ಳದಲ್ಲಿ ಮೊಲ ಬೀಳುತ್ತದೆ, ಆಗ ಅಯ್ಯೋ ಅನ್ನಬೇಕು. ಕೊನೆಗೆ ಮನೆ ಸೇರುತ್ತದೆ, ಆಗ ಕುರ್ಚಿಯಲ್ಲೇ ಕುಪ್ಪಳಿಸಬೇಕು. ಮೊದಲ ದಿನ ಮಕ್ಕಳು ಒಳಗೆ ಬಂದಾಗ ಹೊಸ ಪರದೆಗಳನ್ನು ಕಣ್ಣರಳಿಸಿ ನೋಡಿದ್ದವು. ಒಬ್ಬ ಕೀಬೋರ್ಡನ್ನು ಮೂಸಿಯೂ ನೋಡಿದ. ಎರಡನೇ ದಿನಕ್ಕೆ ಆ ಕಣ್ಣುಗಳು ಮಂಕಾದವು. ಐದನೇ ದಿನಕ್ಕೆ ಅಯ್ಯೋ ಎನ್ನುವುದು ಅವರಿಗೆ ನೀರು ಕುಡಿದಷ್ಟು ಸಲೀಸಾಯಿತು. ಯಾಕಮ್ಮ ಮೂರನೇ ಸಾಲಿನಲ್ಲಿ ಕೂತು ಹೇಳಿದಂತೆ ಬೆರಳಾಡಿಸಿದಳು. ಆ ಐದು ದಿನದಲ್ಲಿ ಅವಳು ಒಮ್ಮೆಯೂ ಯಾಕೆ ಎಂದು ಕೇಳಲಿಲ್ಲ. ಟೀಚರ್ ಅದನ್ನು ಗಮನಿಸಿದಳು, ಗಮನಿಸದವಳಂತೆ ಸ್ಕೇಲು ತಟ್ಟಿದಳು.

ಅಧಿಕಾರಿ ಬಂದರು. ಹಸನ್ಮುಖಿ ಹೆಂಗಸು. ಜೊತೆಗೆ ಇಬ್ಬರು ಸಹಾಯಕರು, ಇಬ್ಬರ ಕಣ್ಣೂ ಮೊಬೈಲಿನಲ್ಲಿ. ವಿಡಿಯೋ ಶುರುವಾಯಿತು. ಇಪ್ಪತ್ತನಾಲ್ಕು ಮೊಲಗಳು ಏಕಕಾಲಕ್ಕೆ ಓಡಿದವು. ಇಪ್ಪತ್ತನಾಲ್ಕು ಮೊಲಗಳು ಅದೇ ಹಳ್ಳಕ್ಕೆ, ಅದೇ ಕ್ಷಣಕ್ಕೆ ಬಿದ್ದವು. ಇಪ್ಪತ್ತನಾಲ್ಕು ಬಾಯಿಗಳು ಒಟ್ಟಿಗೆ ಅಯ್ಯೋ ಎಂದವು. ಕಣ್ಣಿದ್ದ ಯಾರಿಗಾದರೂ ಅಲ್ಲೇ ಗುಟ್ಟು ತಿಳಿಯಬೇಕಿತ್ತು. ಡ್ರಾಯಿಂಗ್ ಟೀಚರ್ ತಿಳಿದುಬಿಡಲಿ ಎಂದು ಒಳಗೊಳಗೇ ಹಾರೈಸಿದಳು.

"ಅಬ್ಬಾ, ಎಂಥ ಶಿಸ್ತು!" ಎಂದರು ಅಧಿಕಾರಿ. ಯಾಕಮ್ಮನ ಹತ್ತಿರ ಬಗ್ಗಿ, "ಆಟ ಇಷ್ಟ ಆಯ್ತಾ ಪುಟ್ಟಿ? ಏನು ಕಲಿತೆ ಇದ್ರಿಂದ?" ಎಂದು ಕೇಳಿದರು.

ಯಾಕಮ್ಮ ಹಿಂದೆ ತಿರುಗಿ ಸ್ಕೇಲು ಹಿಡಿದ ಟೀಚರನ್ನು ಒಂದು ಕ್ಷಣ ನೋಡಿದಳು. ಆಮೇಲೆ ಗಿಳಿಪಾಠದ ಧಾಟಿಯಲ್ಲೇ ಹೇಳಿದಳು: "ಹೇಳಿದ ಹಾಗೆ ಮಾಡೋದು ಕಲಿತೆ ಮೇಡಂ."

ಹೇಳಿಕೊಟ್ಟ ಉತ್ತರ ಅದಾಗಿರಲಿಲ್ಲ. ತರ್ಕಶಕ್ತಿ ಬೆಳೆಯಿತು ಎಂದು ಹೇಳಬೇಕಿತ್ತು. ಆದರೆ ಅಧಿಕಾರಿಗೆ ಈ ಉತ್ತರವೇ ಹಿಡಿಸಿತು, ಕೆನ್ನೆ ತಟ್ಟಿ ಬರೆದುಕೊಂಡರು.

ಮಾರನೇ ಬೆಳಿಗ್ಗೆ ಡ್ರಾಯಿಂಗ್ ಟೀಚರ್ ಮೂರನೇ ಮಹಡಿಗೆ ಎರಡೆರಡು ಮೆಟ್ಟಿಲು ಹಾರಿಕೊಂಡು ಹೋದಳು. ಅಕ್ಕ ಅಲ್ಲೇ ಇದ್ದಳು, ಕಂಪ್ಯೂಟರುಗಳಿಗೆ ಮತ್ತೆ ಹೊದಿಕೆ ಹೊದಿಸುತ್ತಿದ್ದಳು.

"ಇದೇನಿದು?"

"ನೋಡು, ಕೋಪ ಮಾಡ್ಕೋಬೇಡ. ನಮ್ಮದು ಮಾದರಿ ಕೊಠಡಿ ಅಂತ ಬರೆದುಕೊಂಡು ಹೋಗಿದಾರೆ. ಇನ್ಮೇಲೆ ತಿಂಗಳಿಗೊಂದು ಸಲ ಬೇರೆ ಬೇರೆ ಶಾಲೆಯವರು ನೋಡೋಕೆ ಬರ್ತಾರಂತೆ. ನಿನ್ನೆ ಹೇಗಿತ್ತೋ ಹಾಗೇ ಇರಬೇಕಂತೆ. ಈಗಂತೂ ಮುಟ್ಟೋ ಹಾಗೇ ಇಲ್ಲ ಕಣೇ." ಅಕ್ಕ ಹೊದಿಕೆಯ ಸುಕ್ಕು ಸರಿಮಾಡಿದಳು. "ತಾಲೀಮು ಮಾತ್ರ ಬಿಡಬೇಡ, ಮಕ್ಕಳು ಮರೆತುಬಿಡ್ತಾರೆ."

ಡ್ರಾಯಿಂಗ್ ಟೀಚರಿಗೆ ಸಿಟ್ಟು ನೆತ್ತಿಗೇರಿತು. ಕಣ್ಣು ಕತ್ತಲೆಗಟ್ಟುವಷ್ಟು ಸಿಟ್ಟು, ಬಾಯಿ ತೆರೆದರೆ ಒಡಹುಟ್ಟಿದವಳಿಗೆ ಅನ್ನಬಾರದ್ದು ಅಂದೇನು ಎಂದು ಭಯವಾಗುವಷ್ಟು ಸಿಟ್ಟು. ಹಲ್ಲು ಕಚ್ಚಿಕೊಂಡು ದಡದಡ ಕೆಳಗಿಳಿದಳು. ಅಕ್ಕ ಮೋಸಗಾತಿ, ಹೇಡಿ, ಮಾತಿಗೆ ತಪ್ಪಿದವಳು ಎಂದು ಪ್ರತಿ ಮೆಟ್ಟಿಲಿಗೂ ಒಂದೊಂದು ಬೈಗುಳ ಇಳಿಸುತ್ತ ತನ್ನ ಕೋಣೆಗೆ ಬಂದಳು. ಮಕ್ಕಳ ಮುಂದೆ ಎಲ್ಲವನ್ನೂ ಹೇಳಿಬಿಡಬೇಕು, ತಾನು ಅವರ ಪಕ್ಷ ಎಂದು ಅವರಿಗೆ ಗೊತ್ತಾಗಬೇಕು ಅಂದುಕೊಂಡಳು.

ಮಕ್ಕಳು ಹಳೆಯ ಯಂತ್ರವನ್ನು ಮುತ್ತಿಕೊಂಡಿದ್ದವು.

"ಮಿಸ್, ಆಟ ಮುಗೀತು," ಎಂದಳು ಯಾಕಮ್ಮ. "ಕೊನೆ ಬರೆದ್ವಿ. ಒಳಗೆ ಏನಿದೆ ಅಂತ ಈಗ ಗೊತ್ತಾಯ್ತಲ್ಲ."

ಟೀಚರ್ ಕೂತು ಆಡಿದಳು. ಕಾವಲುಗಾರ, ಗುಮಾಸ್ತರು, ಆಯಾ, ಕೈಚೀಲದ ಮೇಡಂ, ನೂರು ನಮಸ್ಕಾರ. ಬಾಗಿಲು ತೆರೆಯಿತು. ಒಳಗೆ ಸಾಲು ಸಾಲು ಮಕ್ಕಳು, ಎಲ್ಲರಿಗೂ ಮೊಲದ ಕಿವಿ. ಹಿಂದಿನ ಗೋಡೆಗೆ ಒರಗಿ ಒಬ್ಬಳು ನಿಂತಿದ್ದಳು. ದುಂಡು ಕನ್ನಡಕ, ತುರುಬಿಗೆ ಸಿಕ್ಕಿಸಿದ ಪೆನ್ಸಿಲು, ಕೈಯಲ್ಲಿ ಸ್ಕೇಲು. ಟಕ್. ಟಕ್ ಟಕ್. ಮೊಲಗಳ ಕೈ ಎದ್ದು ಬೀಳುತ್ತಿದ್ದವು. ಟೀಚರ್ ತನ್ನ ತುರುಬನ್ನು ಮುಟ್ಟಿ ನೋಡಿಕೊಂಡಳು, ಪೆನ್ಸಿಲು ಅಲ್ಲೇ ಇತ್ತು.

ಅವಳು ಎಡದ ಕೀ ಒತ್ತಿದಳು. ಬಲದ್ದು ಒತ್ತಿದಳು. ಏನೂ ಆಗಲಿಲ್ಲ. ಟಕ್. ಟಕ್ ಟಕ್.

"ಇಲ್ಲಿಂದ ಮುಂದೆ ಏನು ಒತ್ತಿದ್ರೂ ಏನೂ ಆಗಲ್ಲ ಮಿಸ್," ಎಂದಳು ಯಾಕಮ್ಮ. ಅವಳ ದನಿಯಲ್ಲಿ ಕುಹಕವಿರಲಿಲ್ಲ, ದೂರೂ ಇರಲಿಲ್ಲ. ತಾನು ಕಂಡದ್ದನ್ನು ಕಂಡ ಹಾಗೆ ಬರೆದ ನಿಶ್ಚಿಂತೆಯಷ್ಟೇ ಇತ್ತು.

ಅಕ್ಕನ ಮೇಲೆ ಹೊತ್ತು ತಂದ ಸಿಟ್ಟೆಲ್ಲ ಟೀಚರಿನ ಎದೆಯೊಳಗೇ ಮಗುಚಿ ಬಿತ್ತು. ಅಕ್ಕ ಬೀಗ ಹಾಕಿದ್ದಳು, ನಿಜ. ಸ್ಕೇಲು ತಟ್ಟಿದವಳು ಅಕ್ಕನಲ್ಲ. ಟೀಚರ್ ಎದ್ದು ನಿಂತಳು.

"ಮಕ್ಕಳೇ, ಅದು ತಪ್ಪು. ನಾನು ಮಾಡಿದ್ದು ತಪ್ಪು," ಎಂದಳು.  ಮೇಜಿನ ಖಾನೆಯಿಂದ ಹಾಳೆ ತೆಗೆದು ಬರೆಯತೊಡಗಿದಳು. ಮಕ್ಕಳು ಸುತ್ತ ನಿಂತು ನೋಡುತ್ತಿದ್ದರೂ ಮರೆಮಾಡಲಿಲ್ಲ.

ಆಮೇಲೆ ಕಾರಿಡಾರಿನಲ್ಲಿ, ಎಲ್ಲ ತರಗತಿಗಳ ಬಾಗಿಲು ತೆರೆದಿರುವಾಗ, ಆರು ವರ್ಷದಲ್ಲಿ ಮೊದಲ ಸಲ ಗಂಟಲು ಹರಿಯುವಂತೆ ಕೂಗಿದಳು: "ಅಕ್ಕಾ!"

ಹೆಡ್‌ಮೇಡಂ ಕಚೇರಿಯಿಂದ ಓಡಿ ಬಂದರು. ತಂಗಿ ಅಕ್ಕನ ಕೈ ಹಿಡಿದು ಎಳೆದು ತಂದು ಹಳೆಯ ಯಂತ್ರದ ಮುಂದೆ ಕೂರಿಸಿದಳು. "ಆಡು," ಎಂದಳು.

ಅಕ್ಕ ಏನೂ ತಿಳಿಯದೆ ಆಡಿದಳು. ಗುಮಾಸ್ತರನ್ನು ಗುರುತಿಸಿ ನಕ್ಕಳು. ಕೈಚೀಲ ಕಂಡಾಗ ನಗು ನಿಂತಿತು. ಬಾಗಿಲು ತೆರೆದ ಮೇಲೆ ಒಂದು ಕೀ ಒತ್ತಿದಳು, ಇನ್ನೊಂದು ಒತ್ತಿದಳು, ಎಲ್ಲವನ್ನೂ ಒತ್ತಿದಳು. "ಕೆಟ್ಟಿದೆಯೇನೇ ಇದು?" ಎಂದಳು ಗಾಬರಿಯಿಂದ.

"ಕೆಟ್ಟಿಲ್ಲ ಮೇಡಂ," ಎಂದಳು ಯಾಕಮ್ಮ. "ವೈರ್ ಕಿತ್ತಿದೆ."

 ತಂಗಿ ಹಾಳೆಯನ್ನು ಅಕ್ಕನ ಮುಂದಿಟ್ಟಳು. ವೈರ್ ಕಿತ್ತ ಕೀಬೋರ್ಡುಗಳ ಮುಂದೆ ಮಕ್ಕಳನ್ನು ಕೂರಿಸಿ, ಆಡದ ಆಟವನ್ನು ಆಡಿದಂತೆ ತೋರಿಸಲು ತಾಲೀಮು ಕೊಟ್ಟವಳು ನಾನು ಎಂದು ಅದರಲ್ಲಿ ಬರೆದಿತ್ತು, ಕೆಳಗೆ ಅವಳ ಸಹಿ.

"ವಿವರಣೆ. ಅವರು ಕೇಳೋಕೆ ಮುಂಚೆ ನಾನೇ ಕೊಡ್ತಾ ಇದ್ದೀನಿ. ನಿನ್ ಹೆಸರು ಎಲ್ಲೂ ಇಲ್ಲ. ಇವತ್ತಿನ ಟಪಾಲಿಗೇ ಹೋಗತ್ತೆ."

"ಹುಚ್ಚು ಹಿಡಿದಿದೆಯಾ ನಿಂಗೆ? ಇದು ಹೋದ್ರೆ ಅಷ್ಟನ್ನೂ ಎತ್ಕೊಂಡು ಹೋಗ್ತಾರೆ!"

"ಹೋಗ್ಲಿ. ಲಾರಿ ಬರೋವರೆಗೆ ಮಕ್ಕಳು ಕೂತು ಆಡ್ಲಿ. ಬೀಗದ ಕೈ ಕೊಡು ಅಕ್ಕ."

ಅಕ್ಕ ಕೈಚೀಲವನ್ನು ಎದೆಗೆ ಒತ್ತಿಕೊಂಡಳು. ಪರದೆಯಲ್ಲಿ ಸ್ಕೇಲಿನವಳು ತಟ್ಟುತ್ತಲೇ ಇದ್ದಳು. ಅಕ್ಕ ಅದನ್ನು ನೋಡಿದಳು, ಮೂವತ್ತೆರಡು ಮಕ್ಕಳನ್ನು ನೋಡಿದಳು. ಬಹಳ ಹೊತ್ತಿನ ಮೇಲೆ ಕೈಚೀಲದ ಒಳಜೇಬಿಗೆ ಬೆರಳು ಹಾಕಿದಳು. ಬೀಗದ ಕೈಯನ್ನು ತಂಗಿಗೆ ಕೊಡಲಿಲ್ಲ, ಮೇಜಿನ ಮೇಲೆ ಇಟ್ಟು, ಯಾರ ಮುಖವನ್ನೂ ನೋಡದೆ ಹೊರಟುಹೋದಳು.

ಮೂರನೇ ಮಹಡಿಯಲ್ಲಿ ಮಕ್ಕಳು ಮೊದಲು ಮಾಡಿದ್ದು ಮೇಜುಗಳ ಕೆಳಗೆ ತೂರಿದ್ದು. ಇಳಿಬಿಟ್ಟ ವೈರುಗಳನ್ನು ಹುಡುಕಿ ಹುಡುಕಿ ಸಿಕ್ಕಿಸಿದವು. ಮಂಡಿಯ ಧೂಳು ಕೊಡವಿಕೊಂಡು ಯಾಕಮ್ಮ ಅದೇ ಮೂರನೇ ಸಾಲಿನಲ್ಲಿ ಕೂತಳು. ತಾಲೀಮಿನಲ್ಲಿ ಕೂತಂತೆಯೇ ಬೆನ್ನು ನೆಟ್ಟಗೆ ಮಾಡಿ, ಒಂದು ಕೀ ಒತ್ತಿದಳು. ಪರದೆಯಲ್ಲಿ ಒಂದು ಅಕ್ಷರ ಮೂಡಿತು. ಅವಳು ಕೈ ಸುಟ್ಟವಳಂತೆ ಬೆರಳನ್ನು ಥಟ್ಟನೆ ಹಿಂದಕ್ಕೆಳೆದುಕೊಂಡಳು.

"ಯಾಕೆ ಮಿಸ್?" ಎಂದಳು ಹೆದರಿ. "ನಾನೇನಾದ್ರೂ ಹಾಳು ಮಾಡಿದ್ನಾ?"

ಆ ಮಗುವಿನ ಬಾಯಲ್ಲಿ ಮತ್ತೆ ಯಾಕೆ ಬಂದದ್ದಕ್ಕೆ ಡ್ರಾಯಿಂಗ್ ಟೀಚರಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಒತ್ತಿದ ಕೀ ಕೆಲಸ ಮಾಡಿದ್ದಕ್ಕೆ ಒಂದು ಮಗು ಹೆದರುವಂತೆ ಮಾಡಲು ತನಗೆ ಬೇಕಾದದ್ದು ಐದೇ ದಿನ ಎಂದು ನೆನೆದು, ಅವಳು ಹಿಂದಿನ ಗೋಡೆಗೆ ಒರಗಿಸಿಟ್ಟಿದ್ದ ಸ್ಕೇಲನ್ನು ಎತ್ತಿ ಮಂಡಿಗೆ ಕೊಟ್ಟು ಎರಡು ತುಂಡು ಮಾಡಿದಳು.

"ಇಲ್ಲ ಕಂದ," ಎಂದಳು. "ಇನ್ನೊಂದು ಸಲ ಒತ್ತು."